ಕಾಡು ಮೊದಲು, ಕಡಲು ಆಮೇಲೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದವರು. ಏಪ್ರಿಲ್‌ನಲ್ಲಿ ತಂಗಿಯ ಸಂಸಾರ ಪುಣೆಯಿಂದ ಬರುತ್ತಿದೆ. ಒಂದೇ ಪ್ರವಾಸದಲ್ಲಿ ಸಫಾರಿಯೂ ಬೇಕು, ನೀರಿನ ಹತ್ತಿರ ಆರಾಮವೂ ಬೇಕು. ಹೇಗೆ?

ಉತ್ತರ: ಏಪ್ರಿಲ್ ಅಂದ್ರೆ ನಾಗರಹೊಳೆ ಕಾಡಿನ ಅಂಚಿನ ಕಬಿನಿ ಜಲಾಶಯಕ್ಕೆ ಹೋಗಲು ಒಳ್ಳೇ ಕಾಲ. ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿರುತ್ತದೆ, ಒಳಕಾಡಿನ ಕೆರೆಗಳು ಬತ್ತಿರುವುದರಿಂದ ಆನೆಗಳು ಮರಿಗಳ ಜೊತೆ ಹಿಂಡುಹಿಂಡಾಗಿ ಅಲ್ಲಿಗೇ ಬರುತ್ತವೆ, ಸೊಂಡಿಲಲ್ಲಿ ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುವುದನ್ನು ಮಕ್ಕಳಿಗೆ ತೋರಿಸಿ. ಹುಲಿ ಕಂಡರೆ ಅದೃಷ್ಟ. ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯೇ ಅಂತ ಕೇಳಿಕೊಳ್ಳಿ. ಸುಳ್ಯ, ಮಡಿಕೇರಿ ದಾರಿ ಹಿಡಿಯಿರಿ. ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ, ಬೆಳಗ್ಗೆಯೇ ಹೊರಡಿ. ಸಫಾರಿಗೆ ನಸುಕಿನಲ್ಲೇ ಏಳಬೇಕಲ್ವಾ, ಆ ಆಯಾಸ ಕಳೆಯಲು ಆಮೇಲೆ ಬೇಕಲದ ಕಡಲ ತೀರಕ್ಕೆ ಬನ್ನಿ, ಇಲ್ಲವೇ ನೀಲೇಶ್ವರದಲ್ಲಿ ಹೌಸ್‌ಬೋಟ್ ಹತ್ತಿ ವಲಿಯಪರಂಬ ಹಿನ್ನೀರಿನಲ್ಲಿ ಸುಮ್ನೆ ತೇಲಿ. ಮಳೆಗಾಲಕ್ಕೆ ಮಾತ್ರ ಮುಂದೂಡಬೇಡಿ, ಆಗ ಕಡಲಿಗೆ ಇಳಿಯುವ ಹಾಗಿಲ್ಲ.