ಊದ್ ಮೆಥಾದ ಫಾದರ್

ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಪುತ್ತೂರು ಬಿಟ್ಟು ದುಬೈಗೆ ಬಂದು ಎರಡು ತಿಂಗಳು. ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿ ಒಂದೇ ರೂಮಿಗೆ ಎಂಟು ಜನ. ಅಮ್ಮನಿಗೆ ‘ಎಲ್ಲ ಚೆನ್ನಾಗುಂಟು’ ಅಂತ ಹೇಳಿ ಫೋನಿಟ್ಟ ಮೇಲೆ ನಿದ್ದೆ ಹತ್ತುವುದಿಲ್ಲ. ಮೇಲಿನ ಬಂಕಿನ ನೇಪಾಳಿ ಹುಡುಗ ರಾತ್ರಿ ಅಳುವುದು ಕೇಳುತ್ತದೆ, ಏನು ಮಾಡುವುದು ಅಂತ ತೋಚುವುದಿಲ್ಲ. ‘ಅಣ್ಣಾ, ಇಲ್ಲಿ ನಮಗೆ ಅಂತ ಯಾರಿದ್ದಾರೆ?’ ಅಂತ ಕೇಳಿದ್ದೀ.

ಸಂಬಳ, ವೀಸಾ, ಓವರ್‌ಟೈಮ್ ಇವನ್ನೆಲ್ಲ ಹೇಳಲು ನಿನಗೆ ಹತ್ತು ಜನ ಸಿಗುತ್ತಾರೆ. ನಾನು ಒಬ್ಬ ಮುದುಕರ ವಿಷಯ ಹೇಳುತ್ತೇನೆ.

2001ರಲ್ಲಿ ನಾವು ಇದೇ ದುಬೈಯ ಸತ್ವಾದಲ್ಲಿದ್ದೆವು. ರೂಮಿನಲ್ಲಿ ಬಂಟ್ವಾಳ ಕಡೆಯ ಒಬ್ಬ ಕೊಂಕಣಿ ಕ್ರೈಸ್ತ ಹುಡುಗನಿದ್ದ, ನಾವೆಲ್ಲ ಅವನನ್ನು ಪೊರ್ಬು ಅಂತಲೇ ಕರೆಯುತ್ತಿದ್ದೆವು. ಜೂನ್ ತಿಂಗಳಲ್ಲಿ ಅವನ ಅಪ್ಪ ತೀರಿಕೊಂಡರು. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿತ್ತು. ‘ಈಗ ಆಗುವುದಿಲ್ಲ, ಮುಂದಿನ ತಿಂಗಳು ನೋಡೋಣ’ ಅಂದರು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ನಮಗೆ ಏನು ಹೇಳುವುದು ಗೊತ್ತಿರಲಿಲ್ಲ, ಸುಮ್ಮನೆ ಟಿವಿಯ ಸದ್ದು ಕಡಿಮೆ ಮಾಡಿದೆವು.

ಆ ರಾತ್ರಿ ಒಬ್ಬರು ಬಾಗಿಲು ತಟ್ಟಿದರು. ಎಪ್ಪತ್ತರ ಮೇಲಿನ ವಯಸ್ಸು, ಬಿಳಿ ಅರ್ಧ ತೋಳಿನ ಅಂಗಿ, ಬಾರು ಕಿತ್ತು ಮತ್ತೆ ಹೊಲಿಸಿದ ಚಪ್ಪಲಿ. ಬಸ್ಸಿನಲ್ಲಿ ಬಂದು ನಾಲ್ಕು ಮಹಡಿ ಹತ್ತಿದ್ದರು, ಲಿಫ್ಟ್ ಕೆಟ್ಟಿತ್ತು. ಪೊರ್ಬುವಿನ ದೊಡ್ಡಪ್ಪನೋ ಯಾರೋ ಇರಬೇಕು ಅಂದುಕೊಂಡೆ. ಅವರು ಬಂಕಿನ ಅಂಚಿನಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟರು. ಬಹಳ ಹೊತ್ತು ಒಂದು ಮಾತೂ ಆಡಲಿಲ್ಲ. ಆಮೇಲೆ ಅಪ್ಪನ ಬಗ್ಗೆ ಕೇಳಿದರು: ಏನು ಕೆಲಸ ಮಾಡುತ್ತಿದ್ದರು, ಗದ್ದೆ ಇತ್ತಾ, ಸಿಟ್ಟು ಬರುತ್ತಿತ್ತಾ? ಹುಡುಗ ಎದ್ದು ಕೂತ, ಮಾತಾಡಿದ, ಅತ್ತ. ನಾನು ಚಹಾ ಕೊಟ್ಟೆ. ಕುಡಿದು, ಬೇಡ ಬೇಡ ಅಂದರೂ ಕೇಳದೆ, ಲೋಟ ತಾವೇ ತೊಳೆದಿಟ್ಟರು. ಹೊರಡುವಾಗ ನನ್ನ ಕಡೆ ತಿರುಗಿ, ‘ನೀವು ಮನೆಗೆ ಫೋನ್ ಮಾಡಿ ಎಷ್ಟು ದಿನ ಆಯಿತು?’ ಅಂತ ಕೇಳಿ ಕಿಸೆಯಿಂದ ಒಂದು ಫೋನ್ ಕಾರ್ಡ್ ಕೊಟ್ಟರು. ನನ್ನ ಜಾತಿ, ಧರ್ಮ ಯಾವುದನ್ನೂ ಕೇಳಲಿಲ್ಲ.

ಮರುದಿನ ಅವನ ಜೊತೆ ಕಂಪನಿ ಆಫೀಸಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತರಂತೆ. ಜೋರು ಮಾಡಲಿಲ್ಲ. ‘ಈ ಹುಡುಗ ಅಪ್ಪನ ಮಣ್ಣಿಗೆ ಹೋಗಬೇಕು’ ಅಂತ ಮಾತ್ರ ಹೇಳಿದರಂತೆ. ಸಂಜೆ ಪಾಸ್‌ಪೋರ್ಟ್ ಸಿಕ್ಕಿತು. (ಇದು ನಿನಗೂ ಗೊತ್ತಿರಲಿ: ನಿನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಇಲ್ಲಿನ ಯಾವ ಕಂಪನಿಗೂ ಇಲ್ಲ. ಕೊಡದಿದ್ದರೆ ಕಾರ್ಮಿಕ ಇಲಾಖೆಗೂ ಬರ್ ದುಬೈಯಲ್ಲಿರುವ ನಮ್ಮ ಕಾನ್ಸುಲೇಟಿಗೂ ದೂರು ಕೊಡಬಹುದು. ಹೆದರಬೇಡ.)

ಅವರು ಪಾದ್ರಿ ಅಂತ ನನಗೆ ತಿಳಿದದ್ದು ಸೆಪ್ಟೆಂಬರ್ 8ಕ್ಕೆ, ನಮ್ಮೂರ ಕ್ರೈಸ್ತರು ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸುವ ತೆನೆ ಹಬ್ಬದ ದಿನ. ಊರಿಂದ ವಾಪಸು ಬಂದಿದ್ದ ಪೊರ್ಬು ನನ್ನನ್ನು ಊದ್ ಮೆಥಾದ ಸೇಂಟ್ ಮೇರೀಸ್ ಚರ್ಚಿಗೆ ಕರೆದುಕೊಂಡು ಹೋದ. ಆಗಿನ ದುಬೈ ದೊರೆ ಶೇಖ್ ರಾಶಿದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಶುರುವಾದ ಚರ್ಚ್ ಅದು. ಮಲಯಾಳಂ, ತಮಿಳು, ಕೊಂಕಣಿ, ಅರೇಬಿಕ್, ಫಿಲಿಪ್ಪೀನ್ಸಿನವರ ತಗಾಲೊಗ್, ಎಲ್ಲ ಭಾಷೆಯಲ್ಲೂ ಅಲ್ಲಿ ಪೂಜೆ ನಡೆಯುತ್ತದೆ. ಆಗ ರಜೆ ಶುಕ್ರವಾರ, ಹಾಗಾಗಿ ಚರ್ಚಿನ ದೊಡ್ಡ ಜನಜಂಗುಳಿಯೂ ಶುಕ್ರವಾರವೇ. ತೆನೆ ಹಬ್ಬದ ಆ ದಿನ ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ ಕಟ್ಟಿಕೊಂಡು ಅದೇ ಮುದುಕರು ನಿಂತಿದ್ದರು! ಕಪುಚಿನ್ ಅನ್ನುವ ಸನ್ಯಾಸಿ ಸಭೆಯವರು. ಫರಂಗಿಪೇಟೆಯಲ್ಲಿ ಹೈವೇಯಿಂದ ಮೊಂತೆ ಮರಿಯಾನೊ ಚರ್ಚ್ ನೋಡಿರುತ್ತೀ, ಅದೇ ಸಭೆ.

ಪೂಜೆ ಮುಗಿದು ಜನ ಚದುರಿದ ಮೇಲೆ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ನಾನು ಕೈ ಹಾಕಿದೆ. ಗುರುತು ಹಿಡಿದು, ಆಶೀರ್ವಾದ ಮಾಡಿಟ್ಟಿದ್ದ ಭತ್ತದ ತೆನೆಯಲ್ಲಿ ಒಂದನ್ನು ತೆಗೆದು, ‘ನಿಮ್ಮ ಮನೆಯಲ್ಲೂ ಕದಿರು ಕಟ್ಟುತ್ತಾರಲ್ಲ, ತಕೊಳ್ಳಿ’ ಅಂದರು. ಊರಿಂದ ಯಾರೋ ಬ್ಯಾಗಿನಲ್ಲಿ ತಂದ ತೆನೆ. ಮೂಸಿದರೆ ಗದ್ದೆಯ ವಾಸನೆ ಇನ್ನೂ ಇತ್ತು. ನನ್ನ ಬಂಕಿನ ಕಬ್ಬಿಣಕ್ಕೆ ಕಟ್ಟಿಟ್ಟೆ, ಮನೆಯ ಬಾಗಿಲಿಗೆ ಕಟ್ಟುವ ಹಾಗೆ.

ಅವರ ಹತ್ತಿರ ಒಂದು ಸಣ್ಣ ಪುಸ್ತಕವಿತ್ತು. ಯಾರ ಅಮ್ಮನಿಗೆ ಆಪರೇಷನ್, ಯಾರ ತಂಗಿಗೆ ಮದುವೆ, ಯಾರಿಗೆ ಎರಡು ತಿಂಗಳಿಂದ ಸಂಬಳವಿಲ್ಲ, ಎಲ್ಲ ಅದರಲ್ಲಿ. ನನ್ನ ತಂಗಿಯ ವಿಷಯ ಒಮ್ಮೆ ಹೇಳಿದ್ದೆನಷ್ಟೆ. ಒಂದು ವರ್ಷ ಕಳೆದು, ‘ಗಂಡಿನ ಕಡೆಯವರು ಒಪ್ಪಿದರಾ?’ ಅಂತ ಕೇಳಿದರು. ದೊಡ್ಡ ಪ್ರವಚನ ಮಾಡಿದ್ದು ನನಗೆ ನೆನಪಿಲ್ಲ. ಬೇರೆಯವರನ್ನು ಮುಂದೆ ಕೂರಿಸಿ ತಾವು ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ತೀರಿಹೋಗಿ ತುಂಬಾ ವರ್ಷವಾಯಿತು. ಈಗಲೂ ಯಾರಾದರೂ ಎದುರು ಸುಮ್ಮನೆ ಕೂತರೆ, ಅವರು ಬಂಕಿನ ಅಂಚಿನಲ್ಲಿ ಕೂತ ರೀತಿ ಕಣ್ಣ ಮುಂದೆ ಬರುತ್ತದೆ.

ಆ ನೇಪಾಳಿ ಹುಡುಗನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಇವತ್ತು ರಾತ್ರಿ ಕೇಳು. ಹಿಂದಿ ಅವನಿಗೂ ಅಷ್ಟಿಷ್ಟು ಬರುತ್ತದೆ. ಒಂದು ಚಹಾ ಮಾಡಿ ಕೊಡು. ನಿಮ್ಮ ಮುಂದಿನ ರಜೆಗೆ ಇಬ್ಬರೂ ಮೆಟ್ರೋದಲ್ಲಿ ಊದ್ ಮೆಥಾಗೆ ಬಂದು ಇಳಿಯಿರಿ. ನಾನು ಸ್ಟೇಷನ್ ಹೊರಗೆ ನಿಂತಿರುತ್ತೇನೆ. ಮನೆಗೆ ಹೋಗೋಣ, ನಿಮ್ಮ ಅತ್ತಿಗೆ ಕೋರಿ ರೊಟ್ಟಿ ಮಾಡುತ್ತಾಳೆ.