ಮಗಳು ಢಾಕಾದಲ್ಲಿ ಓದ್ತಿದಾಳೆ, ವಾಪಸ್ ಕರೆಸ್ಕೊಳ್ಳೋದಾ?

ಪ್ರಶ್ನೆ: ಮೇಡಂ, ಮಗಳು ಢಾಕಾದಲ್ಲಿ ಎಂಬಿಬಿಎಸ್ ಮಾಡ್ತಿದಾಳೆ. 2024ರ ಜುಲೈ ಗಲಾಟೆಲಿ ಅವಳ ಸೀನಿಯರ್ಸ್ ಬಾರ್ಡರ್ ದಾಟಿ ಬಂದಿದ್ರಂತೆ. ಈಗ್ಲೂ ಅಲ್ಲಿ ಮೆರವಣಿಗೆ ಅಂತ ಟಿವಿಲಿ ಬಂದ್ರೆ ಸಾಕು, ನಮ್ಮನೆಯವ್ರು ಊಟ ಬಿಟ್ಟು ಕೂತ್ಬಿಡ್ತಾರೆ, ಓದು ಬಿಡಿಸಿ ಕರ್ಕೊಂಡು ಬರೋಣ ಅಂತಾರೆ. ಅವಳು ಬರಲ್ಲ ಅಂತಾಳೆ. ಏನ್ ಮಾಡ್ಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಓದು ಮಾತ್ರ ಬಿಡಿಸ್ಬೇಡಿ ಅಕ್ಕಾ. ನಮ್ಮ ದೇಶದ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ 2021ರ ನಿಯಮದ ಪ್ರಕಾರ, ಇಲ್ಲಿ ಡಾಕ್ಟರಾಗಿ ಕೆಲಸ ಮಾಡ್ಬೇಕಂದ್ರೆ ಫಾರಿನ್ನಲ್ಲಿ ಸೇರಿದ ಕಾಲೇಜಲ್ಲೇ ಪೂರ್ತಿ ಕೋರ್ಸು, ಅಲ್ಲಿನ ಇಂಟರ್ನ್‌ಶಿಪ್ಪು ಎಲ್ಲಾ ಮುಗಿಸ್ಬೇಕು, ಮಧ್ಯದಲ್ಲಿ ಬಂದು ಇಲ್ಲಿ ಸೇರ್ಕೊಳ್ಳೋಕೆ ಆಗಲ್ಲ. ಪರಿಸ್ಥಿತಿ ಕೆಟ್ಟಾಗ ಒಂದಷ್ಟು ವಾರ ಮನೆಗೆ ಬಂದು ಹೋಗೋದು ಬೇರೆ ವಿಷಯ, 2024ರಲ್ಲಿ ನಮ್ಮ ಸಾವಿರಾರು ಮಕ್ಕಳು ಹಾಗೇ ಬಂದಿದ್ದು.

ಆದ್ರೆ ನಿಮ್ಮನೆಯವರ ಭಯ ಸುಳ್ಳಲ್ಲ. ಬಾಂಗ್ಲಾದೇಶದ ಸರ್ಕಾರಿ ಕೆಲಸದ ಕೋಟಾ ವಿರುದ್ಧ ಸ್ಟೂಡೆಂಟ್ಸ್ ಶುರು ಮಾಡಿದ್ದ ಆ ಹೋರಾಟದಲ್ಲಿ 1,400 ಜನದವರೆಗೂ ಸತ್ತಿರಬಹುದು ಅಂತ ವಿಶ್ವಸಂಸ್ಥೆ ಮಾನವ ಹಕ್ಕು ಕಚೇರಿನೇ ಹೇಳಿದೆ. ಜುಲೈ 18ರ ರಾತ್ರಿ ಇಂಟರ್ನೆಟ್ ಹೋಯ್ತು, ಮಾರನೇ ದಿನ ಮಧ್ಯರಾತ್ರಿಯಿಂದ ಕರ್ಫ್ಯೂ. ವಾಟ್ಸಾಪ್ ಇಲ್ಲ, ವಿಡಿಯೋ ಕಾಲ್ ಇಲ್ಲ, ಕರೆಂಟಿನ ಪ್ರೀಪೇಯ್ಡ್ ಮೀಟರ್ ರೀಚಾರ್ಜ್ ಮಾಡೋಕೂ ಜನ ಆಫೀಸ್ ಮುಂದೆ ಕ್ಯೂ ನಿಂತಿದ್ರು! ಇಂಥಾ ಹೊತ್ತಲ್ಲಿ ಮಗಳ ಫೋನ್ ಬರ್ಲಿಲ್ಲ ಅಂದ್ರೆ ಅವಳಿಗೇನೋ ಆಗಿದೆ ಅಂತಲ್ಲ, ನೆಟ್ ಇಲ್ಲ ಅಂತ ಅಷ್ಟೇ ಇರಬಹುದು, ಇದನ್ನ ಮನೇಲಿ ಈಗ್ಲೇ ಎಲ್ಲರಿಗೂ ಹೇಳಿಟ್ಟಿರಿ.

ಅದಕ್ಕೆ ನೆಟ್ ಇಲ್ದೇ ಮಾತಾಡೋ ದಾರಿ ಮಾಡ್ಕೊಳ್ಳಿ. ಅವಳ ಸಿಮ್ಮಿಗೆ ಐಎಸ್‌ಡಿ ಕಾಲ್ ಮಾಡೋಷ್ಟು ಬ್ಯಾಲೆನ್ಸ್ ಯಾವಾಗ್ಲೂ ಇರ್ಲಿ, ಹಾಸ್ಟೆಲ್ ವಾರ್ಡನ್ ನಂಬರು, ಒಬ್ಬ ಲೋಕಲ್ ಫ್ರೆಂಡ್ ಮನೆ ನಂಬರು ಫೋನಲ್ಲಲ್ಲ, ಪೇಪರಲ್ಲಿ ಬರೆದಿಟ್ಕೊಳ್ಳಿ. ಕೈಯಲ್ಲಿ ಒಂದಿಷ್ಟು ಟಾಕಾ ಕ್ಯಾಷ್, ಒಂದು ವಾರಕ್ಕಾಗೋಷ್ಟು ಅವಲಕ್ಕಿ, ಚಟ್ನಿಪುಡಿ, ಮಾತ್ರೆ ಇರ್ಲಿ. ಪಾಸ್‌ಪೋರ್ಟನ್ನ ವೀಸಾ ಎಕ್ಸ್‌ಟೆನ್ಷನ್‌ಗೆ ಕೊಟ್ಟಿದ್ರೆ ಅದರ ರಸೀದಿ, ಜೆರಾಕ್ಸ್ ಜೊತೇಲೇ ಇಟ್ಕೊಳ್ಳಲಿ. ಹೊರದೇಶದಲ್ಲಿರೋ ನಮ್ಮವರಿಗೆ ಸಹಾಯ ಮಾಡೋಕೆ ನಮ್ಮ ವಿದೇಶಾಂಗ ಇಲಾಖೆ ಮಾಡಿರೋ ಮದದ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದಾಳಾ ಅಂತ ಇವತ್ತೇ ಕೇಳಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬೀದಿಗಿಳಿಯೋರು ಅವಳ ಜೊತೆ ಕ್ಯಾಂಟೀನಲ್ಲಿ ಊಟ ಮಾಡೋ ಹುಡುಗ್ರೇ ಇರಬಹುದು, ಅವರ ಬಗ್ಗೆ ಅವಳ ಕರುಳು ಚುರ್ ಅನ್ನೋದು ಸಹಜ, ಅದಕ್ಕೆ ಬೈಬೇಡಿ. ಆದ್ರೆ ಸ್ಟೂಡೆಂಟ್ ವೀಸಾದಲ್ಲಿರೋ ಹುಡುಗಿ ಮೆರವಣಿಗೆಗೆ ಹೋಗೋದು, ವಿಡಿಯೋ ತೆಗೆದು ಫೇಸ್‌ಬುಕ್ಕಿಗೆ ಹಾಕೋದು ಬೇಡ. ಯಾವ ಗುಂಪಿನವರು, ಯಾವ ಪೊಲೀಸ್ ಅವಳ ಫೋನ್ ಇಸ್ಕೊಂಡು ನೋಡ್ತಾರೋ ಹೇಳೋಕಾಗಲ್ಲ.

ಹೊರಡೋದು ಯಾವಾಗ ಅನ್ನೋದನ್ನ ಮೂವರೂ ಮೊದಲೇ ಮಾತಾಡ್ಕೊಳ್ಳಿ. ಢಾಕಾದಲ್ಲಿರೋ ನಮ್ಮ ಭಾರತದ ಹೈಕಮಿಷನ್, ಅಂದ್ರೆ ರಾಯಭಾರ ಕಚೇರಿ, ಹೊರಡಿ ಅಂದ್ರೆ, ಇಲ್ಲಾ ಹಾಸ್ಟೆಲ್ ಖಾಲಿ ಮಾಡಿಸಿದ್ರೆ ಅವಳು ವಾದ ಮಾಡ್ದೇ ಹೊರಡ್ಬೇಕು. ಢಾಕಾದಿಂದ ಅಖೌರಾ ಗಡಿ ದಾಟಿದ್ರೆ ನಮ್ಮ ಅಗರ್ತಲಾ ಸಿಗುತ್ತೆ, ಆದ್ರೆ ಒಬ್ಬಳೇ ಟ್ಯಾಕ್ಸಿ ಹಿಡ್ಕೊಂಡು ಬರೋದು ಬೇಡ, ಹೈಕಮಿಷನ್ ಇಲ್ಲಾ ಕಾಲೇಜು ವ್ಯವಸ್ಥೆ ಮಾಡೋ ಗಾಡೀಲಿ ಗುಂಪಿನ ಜೊತೆ ಬರ್ಲಿ, ಆ ಗಾಡಿ ಬರೋವರೆಗೂ ರೂಮ್ ಬಿಟ್ಟು ಆಚೆ ಬರೋದು ಬೇಡ.