ಲಿವರ್ ಆಪರೇಷನ್ ದಿನ ಸ್ಟೆರಾಯ್ಡ್ ಕೊಡುವುದೇಕೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ. ಕೀಮೋ ಮುಗಿದಿದ್ದು, ಈಗ ಲಿವರಿನ ಬಲಭಾಗ ತೆಗೆಯುತ್ತಾರೆ. ಆ ದಿನ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಎಂದಿದ್ದಾರೆ. ಗಾಯ ಮಾಯುವುದಿಲ್ಲ, ಸೋಂಕು ಹಿಡಿಯುತ್ತದೆ ಎಂದು ಮನೆಯವರು ಹೆದರುತ್ತಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಒಪ್ಪಬಹುದೇ? (ಓದುಗರು, ಹಾಸನ)

ಉತ್ತರ: ಮನೆಯವರ ಹೆದರಿಕೆ ತಿಂಗಳುಗಟ್ಟಲೆ ನುಂಗುವ ಸ್ಟೆರಾಯ್ಡ್ ಮಾತ್ರೆಯ ಮಟ್ಟಿಗೆ ಸರಿ. ಇಲ್ಲಿ ಕೊಡುವುದು ಸಾಮಾನ್ಯವಾಗಿ ಒಂದೇ ಡೋಸ್. ನೀವು ನಿಜವಾಗಿ ಕೇಳಬೇಕಾದ್ದು ಸಕ್ಕರೆ ಕಾಯಿಲೆಯ ಬಗ್ಗೆ.

ಲಿವರ್ ಕತ್ತರಿಸುವಾಗ ರಕ್ತ ಸುರಿಯದಿರಲೆಂದು ಅದಕ್ಕೆ ಹೋಗುವ ರಕ್ತನಾಳಗಳನ್ನು ಕ್ಲ್ಯಾಂಪ್ ಹಾಕಿ ಹಿಡಿಯುತ್ತಾರೆ. ಪ್ರಿಂಗಲ್ ಎಂಬ ಸರ್ಜನ್ 1908ರಲ್ಲಿ ವಿವರಿಸಿದ ಉಪಾಯ ಇದು. ಈಗ ಹೆಚ್ಚಾಗಿ 15 ನಿಮಿಷ ಹಿಡಿದು 5 ನಿಮಿಷ ಬಿಡುತ್ತಾರೆ. ರಕ್ತ ನಿಂತಾಗ ಲಿವರ್ ಜೀವಕೋಶಗಳು ಬಳಲುತ್ತವೆ. ಆದರೆ ರಕ್ತ ಮತ್ತೆ ನುಗ್ಗಿದಾಗ ಆಗುವ ಪೆಟ್ಟೇ ದೊಡ್ಡದು. ಲಿವರಿನೊಳಗಿನ ಕುಫರ್ ಕೋಶಗಳು (ಅಲ್ಲಿನ ಕಾವಲು ಕೋಶಗಳು) ಕೆರಳಿ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ, ಬಿಳಿ ರಕ್ತಕಣಗಳು ಮುತ್ತಿಗೆ ಹಾಕುತ್ತವೆ. ಉಳಿದಿರುವುದೇ ಅರ್ಧಕ್ಕಿಂತ ಕಡಿಮೆ ಲಿವರ್, ಅದೂ ಸೊರಗಿದರೆ ಕಷ್ಟ. ಈ ಉರಿಯೂತ ಶುರುವಾಗುವ ಮೊದಲೇ ತಡೆಯುವುದಕ್ಕೆ ಸ್ಟೆರಾಯ್ಡ್. ಆದ್ದರಿಂದಲೇ ಕತ್ತರಿಸುವ ಮುನ್ನ ಕೊಡಬೇಕು.

ಹೆಚ್ಚು ಬಳಕೆಯಲ್ಲಿರುವುದು ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, 500 ಮಿಲಿಗ್ರಾಂ. ಇದು ಮಾತ್ರೆಯಾಗಿ ನುಂಗುವ ಸ್ಟೆರಾಯ್ಡ್ ಪ್ರೆಡ್ನಿಸೊಲೋನ್‌ನ ಸುಮಾರು 625 ಮಿಲಿಗ್ರಾಂಗೆ ಸಮ, ಸಣ್ಣ ಡೋಸ್ ಅಲ್ಲ. ಸಲೈನ್‌ನಲ್ಲಿ ಬೆರೆಸಿ ಕನಿಷ್ಠ ಅರ್ಧ ಗಂಟೆ ನಿಧಾನವಾಗಿ ಹರಿಸಬೇಕು. ಒಮ್ಮೆಲೇ ತಳ್ಳಿದರೆ ಹೃದಯ ಬಡಿತ ಏರುಪೇರಾಗಬಹುದು.

ಲಾಭವೇನು? ಆಪರೇಷನ್ ನಂತರದ ದಿನಗಳಲ್ಲಿ ಬಿಲಿರುಬಿನ್ (ಲಿವರ್ ಸೊರಗಿದಾಗ ರಕ್ತದಲ್ಲಿ ಏರುವ ಪಿತ್ತದ ಬಣ್ಣ) ಮತ್ತು ಉರಿಯೂತದ ಸೂಚಕಗಳು ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ಗಾಯದ ಸೋಂಕು, ಪಿತ್ತರಸ ಸೋರಿಕೆ ಅದರಿಂದ ಹೆಚ್ಚಿದ್ದು ಕಂಡಿಲ್ಲ. ಆದರೆ ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾರಾದರೂ ಹಾಗೆ ಭರವಸೆ ಕೊಟ್ಟರೆ ನಂಬಬೇಡಿ.

ಈಗ ನಿಮ್ಮ ತಂದೆಯ ವಿಷಯ. ಆಪರೇಷನ್ ನಂತರ ಬೇಗ ಚೇತರಿಸಿಕೊಳ್ಳುವ ಕ್ರಮಗಳನ್ನು ಸೂಚಿಸುವ ಇರಾಸ್ ಸೊಸೈಟಿ ಎಂಬ ವೈದ್ಯರ ಸಂಸ್ಥೆಯ 2016ರ ಲಿವರ್ ಶಸ್ತ್ರಚಿಕಿತ್ಸಾ ಮಾರ್ಗಸೂಚಿ, ಆರೋಗ್ಯವಾದ ಲಿವರ್ ಇದ್ದವರಿಗೆ ಇದನ್ನು ಕೊಡಬಹುದು ಎಂದಿತ್ತು; ಮಧುಮೇಹಿಗಳಿಗೆ ಕೊಡಬಾರದು ಎಂದೂ ಹೇಳಿತ್ತು. ಕೀಮೋ ಆದ ಲಿವರ್‌ನಲ್ಲಿ ಕೊಬ್ಬು ತುಂಬಿರಬಹುದು, ಒಳಗಿನ ಸಣ್ಣ ರಕ್ತನಾಳಗಳು ಹಾಳಾಗಿರಬಹುದು; ಅಂದರೆ ಅದು ಆರೋಗ್ಯವಾದ ಲಿವರ್ ಆಗಿರದಿರಬಹುದು. ಹಾಗಾಗಿ ಎರಡು ಪ್ರಶ್ನೆ ಕೇಳಿ: ಇವರಿಗೆ ಸಕ್ಕರೆ ಇದ್ದರೂ ಏಕೆ ಕೊಡುತ್ತೀರಿ? ಕೊಟ್ಟರೆ ಸಕ್ಕರೆ ಹೇಗೆ ಹಿಡಿತದಲ್ಲಿಡುತ್ತೀರಿ? ಆಪರೇಷನ್ ವೇಳೆ ಒಂದೆರಡು ಗಂಟೆಗೊಮ್ಮೆ ಸಕ್ಕರೆ ನೋಡಿ, ಇನ್ಸುಲಿನ್ ಡ್ರಿಪ್‌ನಲ್ಲಿ 140ರಿಂದ 180ರೊಳಗೆ ಇಡುತ್ತೇವೆ ಎಂಬಂಥ ಉತ್ತರ ಬಂದರೆ ಅವರು ಯೋಚಿಸಿದ್ದಾರೆ ಎಂದರ್ಥ. ಸ್ಟೆರಾಯ್ಡ್ ಬೇಡವೆಂದು ಅವರೇ ಕೈಬಿಟ್ಟರೂ ಆಪರೇಷನ್‌ಗೆ ತೊಂದರೆಯಿಲ್ಲ.

ಇನ್ನೊಂದು ಎಚ್ಚರಿಕೆ, ನರ್ಸಿಂಗ್ ಓದುತ್ತಿರುವವರಿಗೂ ಉಪಯೋಗವಾಗುತ್ತದೆ. ಸ್ಟೆರಾಯ್ಡ್ ಪಡೆದವರಲ್ಲಿ ಬಿಳಿ ರಕ್ತಕಣ ಸೋಂಕಿಲ್ಲದೆಯೂ ಏರುತ್ತದೆ. ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಪರೀಕ್ಷೆ) ಮತ್ತು ಜ್ವರ ಸೋಂಕಿದ್ದರೂ ತಗ್ಗಿ ಕಾಣಬಹುದು. ಅಂಕಿ ನೋಡಿ ಸಮಾಧಾನಪಡದೆ ಹೊಟ್ಟೆ ಮುಟ್ಟಿ ನೋಡಬೇಕು. ಮೂರನೇ ದಿನ ಅಥವಾ ನಂತರ ಡ್ರೇನ್ (ಹೊಟ್ಟೆಯೊಳಗಿಂದ ಹೊರಬಿಟ್ಟ ಕೊಳವೆ) ದ್ರವದ ಬಿಲಿರುಬಿನ್ ರಕ್ತದ್ದರ ಮೂರು ಪಟ್ಟು ಅಥವಾ ಹೆಚ್ಚಿದ್ದರೆ ಪಿತ್ತರಸ ಸೋರುತ್ತಿದೆ.

ಪ್ರಶ್ನೆ: ಸಂಧಿವಾತಕ್ಕೆ ಎರಡು ವರ್ಷದಿಂದ ಪ್ರೆಡ್ನಿಸೊಲೋನ್ ತಗೊಳ್ತೀನಿ. ಲಿವರ್ ಆಪರೇಷನ್‌ಗೆ ಮುಂಚೆ ನಿಲ್ಲಿಸಲಾ?

ಉತ್ತರ: ಖಂಡಿತ ನಿಲ್ಲಿಸಬೇಡಿ. ಇಷ್ಟು ದಿನ ಹೊರಗಿನಿಂದ ಬಂದ ಸ್ಟೆರಾಯ್ಡ್‌ಗೆ ಒಗ್ಗಿ ದೇಹದ ಸ್ವಂತ ಸ್ಟೆರಾಯ್ಡ್ ತಯಾರಿಸುವ ನಿಮ್ಮ ಅಡ್ರಿನಲ್ ಗ್ರಂಥಿಗಳು ಸುಮ್ಮನಾಗಿರಬಹುದು. ಥಟ್ಟನೆ ನಿಲ್ಲಿಸಿದರೆ ಆಪರೇಷನ್ ಒತ್ತಡದಲ್ಲಿ ಬಿಪಿ ಕುಸಿದುಹೋಗಬಹುದು. ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ನಾಲ್ಕು ವಾರ ತೆಗೆದುಕೊಂಡವರಿಗೂ ಈ ಮಾತು ಅನ್ವಯ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ 100 ಮಿಲಿಗ್ರಾಂ ಕೊಟ್ಟು ಶುರುಮಾಡಿ, ನಂತರ 24 ಗಂಟೆಗೆ 200 ಮಿಲಿಗ್ರಾಂ ಹರಿಸುತ್ತಾರೆ. ಕೀಲುನೋವಿಗೆಂದು ಹೆಸರಿಲ್ಲದ ಪುಡಿ, ಮಾತ್ರೆ ತಗೊಂಡಿದ್ದರೆ ಅದನ್ನೂ ಕೈಯಲ್ಲಿ ಹಿಡಿದು ಹೋಗಿ ತೋರಿಸಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು.